ಪಿರಿಯಾಪಟ್ಟಣದ ಪರದೇಶಿ ಹೆಂಗಸರು

ಹೊರದೇಶಗಳಲ್ಲಿ ಸಂಸಾರ ಹೂಡಿರುವ ನಮ್ಮ ಹೆಣ್ಣುಮಕ್ಕಳಿಗೆ ಸಮಾಜ ಯಾವ ಬಗೆಯ ಆಸರೆ ನೀಡಬೇಕೆಂಬುದನ್ನು ಕುರಿತು ಕೆಲವು ತಿಂಗಳ ಹಿಂದೆ ಕೃಷ್ಣರಾಜನಗರದಲ್ಲಿ ಮಹಿಳೆಯರ ಒಂದು ಸಭೆ ಸೇರಿತ್ತು. ನಾನೂ ಹೋಗಿದ್ದೆ. ಮಾತಾಡಿದವರೆಲ್ಲ ತಿಳಿದವರೇ, ಬಹುಮಂದಿಗೆ ಮಗಳೋ ಸೊಸೆಯೋ ಅಮೆರಿಕದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಇದ್ದಾರೆ. ಗಂಡ ಬೇರೆ ದೇಶದವನಾದರೆ ಮನೆಯಲ್ಲಿ ಯಾವ ಭಾಷೆ ನಡೆಯಬೇಕು, ಕೂಸು ತಾಯಿಯ ಮಾತಿಗೆ ತಂದೆಯ ಭಾಷೆಯಲ್ಲಿ ಉತ್ತರ ಕೊಟ್ಟಾಗ ತಾಯಿಯ ಮನಸ್ಸಿಗೆ ಏನಾಗುತ್ತದೆ, ಬಾಣಂತನಕ್ಕೆ ತವರಿನವರು ಬರಲಾಗದಿದ್ದರೆ ನೆರೆಹೊರೆಯವರು ಏನು ಮಾಡಬಹುದು, ಕನ್ನಡ ಕೂಟಗಳು ಹಬ್ಬದೂಟ ಬಡಿಸುವುದರ ಆಚೆಗೆ ಏನು ಮಾಡುತ್ತಿವೆ—ಇಂಥ ಪ್ರಶ್ನೆಗಳು ಬಂದವು. ಒಂದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ತಂಗಿಯ ಮಗಳೇ ಜರ್ಮನಿಯಲ್ಲಿದ್ದಾಳೆ. ಅವಳ ಗಂಡ ಆ ದೇಶದವನು. ಅವಳ ಐದು ವರ್ಷದ ಮಗ ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡಿ ಜರ್ಮನ್ ಭಾಷೆಯಲ್ಲಿ ಅಳುತ್ತಾನೆ.

ಕೊನೆಯಲ್ಲಿ ನಾನೊಂದು ಮಾತು ಕೇಳಿದೆ. ಇಲ್ಲಿಂದ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ಬೈಲಕುಪ್ಪೆ. ಪರದೇಶದಲ್ಲಿ ಎರಡು ಭಾಷೆಗಳ ನಡುವೆ ಸಂಸಾರ ಮಾಡುತ್ತಿರುವ ಸಾವಿರಾರು ಹೆಂಗಸರು ಅಲ್ಲಿದ್ದಾರೆ. ಅವರ ಪಾಲಿಗೆ ಆ ಪರದೇಶವೆಂದರೆ ನಾವೇ. ಅವರಿಗೆ ನಮ್ಮ ಕಡೆಯಿಂದ ಏನು ಆಸರೆ ಸಿಕ್ಕಿದೆ?

ಸಭೆ ಒಂದು ಗಳಿಗೆ ಸುಮ್ಮನಾಯಿತು. ಬಳಿಕ ಉತ್ತರಗಳು ಬಂದವು. “ಟಿಬೆಟನ್ನರೆ? ಅವರು ನಮ್ಮ ಅತಿಥಿಗಳಲ್ಲವೆ!” ಎಂದರು ಒಬ್ಬರು. “ಅವರಿಗೇನು ಕಡಿಮೆ, ಚಿನ್ನದ ದೇವಸ್ಥಾನವೇ ಇದೆಯಲ್ಲ” ಎಂದರು ಇನ್ನೊಬ್ಬರು. ಅಧ್ಯಕ್ಷತೆ ವಹಿಸಿದ್ದ ಹಿರಿಯರೊಬ್ಬರು ಮಾತ್ರ ತುಸು ಕಹಿಯಾಗಿಯೇ, “ಬಂದು ಅರವತ್ತು ವರ್ಷ ದಾಟಿತು, ಇನ್ನೂ ನೆಟ್ಟಗೆ ಕನ್ನಡ ಕಲಿತಿಲ್ಲ, ಆಸರೆ ಕೇಳುವುದಕ್ಕೆ ಮೊದಲು ಭಾಷೆ ಕಲಿಯಲಿ” ಎಂದರು. ಚಪ್ಪಾಳೆ ಬಿದ್ದದ್ದು ಈ ಕಡೆಯ ಮಾತಿಗೆ.

ನಾನು ಪಿರಿಯಾಪಟ್ಟಣದ ಕಡೆ ಹನ್ನೊಂದು ವರ್ಷ ಮೇಡಂ ಆಗಿದ್ದವಳು. ಆ ಚಪ್ಪಾಳೆಗೆ ಅಲ್ಲಿಯೇ ಉತ್ತರ ಕೊಡುವಷ್ಟು ವೇಳೆ ಇರಲಿಲ್ಲ, ಕಾಫಿ ಬಂದಿತ್ತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಚಿನ್ನದ ದೇವಸ್ಥಾನದ ಮಾತನ್ನು ಬೇಗ ಮುಗಿಸಿಬಿಡಬಹುದು. ೧೯೬೩ರಲ್ಲಿ ಪೆನೋರ್ ರಿಂಪೋಚೆಯವರು ಕಟ್ಟಲು ತೊಡಗಿದ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ೧೯೯೯ರಲ್ಲಿ ಆ ಸ್ವರ್ಣಮಂದಿರ ತೆರೆಯಿತು. ಅಂದಿನಿಂದ ಕೊಡಗಿಗೆ ಹೋಗುವ ನಮ್ಮ ಭಾನುವಾರದ ಪ್ರವಾಸಿಗಳಿಗೆ ಬೈಲಕುಪ್ಪೆಯೆಂದರೆ ಅಷ್ಟೇ: ಮೂರು ದೊಡ್ಡ ಪ್ರತಿಮೆಗಳು, ನಾಲ್ಕು ಫೋಟೋ, ಒಂದು ತಟ್ಟೆ ಮೊಮೊ. ಮೊಮೊ ಬೇಯಿಸಿ ಕೊಟ್ಟವಳ ಹೆಸರು ಕೇಳಿದವರುಂಟೆ? ವಿಹಾರದ ಗೋಪುರದ ಮೇಲಿನ ಚಿನ್ನ ಆಕೆಯ ಅಡಿಗೆಮನೆಗೆ ಇಳಿದುಬರುವುದಿಲ್ಲ. ನಮ್ಮ ಚಾಮುಂಡೇಶ್ವರಿಯ ಒಡವೆಗಳನ್ನು ಲೆಕ್ಕ ಹಾಕಿ ಚಾಮುಂಡಿಬೆಟ್ಟದ ಬುಡದ ಬಡವಿಗೆ ಪಿಂಚಣಿ ಬೇಡವೆನ್ನುವ ವಾದ ಇದು.

ಅತಿಥಿ ಎಂಬ ಮಾತು ಇನ್ನಷ್ಟು ಕಠಿನವಾದದ್ದು, ಏಕೆಂದರೆ ಅದು ಮರ್ಯಾದೆಯ ಉಡುಪು ತೊಟ್ಟು ಬರುತ್ತದೆ. ೧೯೫೯ರ ಮಾರ್ಚಿಯಲ್ಲಿ ಲಾಸಾ ನಗರದಲ್ಲಿ ದಂಗೆಯಾಯಿತು. ಮಾರ್ಚಿ ೧೨ರಂದು ಅಲ್ಲಿನ ಹೆಂಗಸರೇ ಗುಂಪುಗಟ್ಟಿ ಬೀದಿಗಿಳಿದಿದ್ದರು. ದಲೈ ಲಾಮಾ ಗಡಿ ದಾಟಿದರು, ಅವರ ಹಿಂದೆ ಸಹಸ್ರಾರು ಜನ. ನೆಹರೂ ಅವರು ರಾಜ್ಯಗಳಲ್ಲಿ ಭೂಮಿ ಕೇಳಿದಾಗ ಮೈಸೂರು ರಾಜ್ಯ ಒಪ್ಪಿತು. ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುವುದು ನಿಜಲಿಂಗಪ್ಪನವರನ್ನು. ಕ್ಯಾಂಪು ಆರಂಭವಾದ ೧೯೬೦ರಲ್ಲಿ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ಬಿ. ಡಿ. ಜತ್ತಿ. ಇರಲಿ, ಪುಣ್ಯವನ್ನು ಇಬ್ಬರೂ ಹಂಚಿಕೊಳ್ಳಲಿ. ಬೈಲಕುಪ್ಪೆಯ ಬಳಿ ಸುಮಾರು ೩೦೦೦ ಎಕರೆ ಕಾಡು ಕೊಟ್ಟರು. ಹಿಮದ ನಾಡಿನಿಂದ ಬಂದವರು ಕೊಡಲಿ ಹಿಡಿದು ಮರ ಕಡಿದರು, ಬೆಂಕಿಯಿಟ್ಟು ಪೊದೆ ಸುಟ್ಟರು, ಮುಸುಕಿನ ಜೋಳ ಬಿತ್ತಿದರು. ಬಿತ್ತಿದ್ದನ್ನು ಆನೆಗಳು ಮೇದವು. ಸೆಕೆಯಿಂದಲೂ ರೋಗದಿಂದಲೂ ಜನ ಸತ್ತರು. ೧೯೬೯ರಲ್ಲಿ ಪಕ್ಕದಲ್ಲಿಯೇ ಎರಡನೆಯ ವಸತಿಯಾಯಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ೧೯೭೨ರ ಸುಮಾರಿಗೆ ಮತ್ತೊಂದು. ಮುಂಡಗೋಡ, ಕೊಳ್ಳೇಗಾಲಗಳ ಕಡೆಯವನ್ನು ಸೇರಿಸಿದರೆ ಕರ್ನಾಟಕದಲ್ಲಿ ಇಂಥವು ಐದು.

ಅತಿಥಿಯೆಂದರೆ ತಿಥಿ ನೋಡದೆ ಬಂದವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಬಂದವನು ಹೊರಡಬೇಕೆಂಬುದು ಅದರಲ್ಲಿಯೇ ಅಡಗಿದೆ. ನಮ್ಮ ತಾಲ್ಲೂಕಿನ ಕಾಡು ಕಡಿದು, ಉತ್ತು, ಬಿತ್ತಿ, ಹೆತ್ತು, ಸತ್ತವರ ಮೂರನೆಯ ತಲೆಮಾರಿನ ಹುಡುಗಿಯನ್ನು ಅತಿಥಿ ಎನ್ನುವಾಗ ನಾವು ನಿಜವಾಗಿ ಹೇಳುತ್ತಿರುವುದು, “ಅಮ್ಮಾ, ನೀನು ನಮ್ಮವಳಲ್ಲ, ಜಗುಲಿಯ ಮೇಲೆ ಕುಳಿತಿರು” ಎಂದು. ಅತಿಥಿಗೆ ತಾಂಬೂಲ ಕೊಡುತ್ತೇವೆ. ಅಡಿಗೆಮನೆಗೆ ಕರೆದು ಕಷ್ಟಸುಖ ವಿಚಾರಿಸುವುದಿಲ್ಲ.

ಇನ್ನು ಚಪ್ಪಾಳೆ ಗಿಟ್ಟಿಸಿದ ಮಾತು. ಕನ್ನಡ ಕಲಿತಿಲ್ಲವೆಂಬುದು ಮೊದಲಿಗೆ ಸುಳ್ಳು. ಕ್ಯಾಂಪಿನ ಹಳೆಯ ತಲೆಯ ಹೆಂಗಸರಲ್ಲಿ ಕನ್ನಡ ಬರುವವರು ಬೇಕಾದಷ್ಟು ಮಂದಿ. ಹೊಲದ ಕೆಲಸಕ್ಕೆ ಸುತ್ತಲ ಹಳ್ಳಿಗಳ ಆಳುಗಳು ಬರುತ್ತಿದ್ದರು, ಜೋಳ ಮಾರಲು, ಉಪ್ಪು ಎಣ್ಣೆ ತರಲು ಹೊಳೆ ದಾಟಿ ಕುಶಾಲನಗರದ ಸಂತೆಗೆ ಹೋಗಬೇಕಾಗಿತ್ತು. ಗಂಡಸರು ವಿಹಾರಕ್ಕೋ ಸೈನ್ಯಕ್ಕೋ ಹೋದ ಮನೆಗಳಲ್ಲಿ ಈ ವ್ಯವಹಾರವೆಲ್ಲ ಹೆಂಗಸರ ತಲೆಯ ಮೇಲೆ. ಬೇಕಾದಷ್ಟು ಕನ್ನಡವನ್ನು ಅವರು ಸಂತೆಯಲ್ಲಿ ಕೊಂಡುಕೊಂಡರು. ಆದರೆ ಕೂಲಿಯಾಳು ಒಡತಿ ಪರಸ್ಪರ ಆಡುವ ಮಾತಿನಿಂದ ಕಲಿತ ಕನ್ನಡದಲ್ಲಿ ‘ಬಾ’ ಇರುತ್ತದೆ, ‘ಬನ್ನಿ’ ಇರುವುದಿಲ್ಲ. ನಮ್ಮ ಮೈಸೂರಿನ ಗೃಹಿಣಿ ಸ್ವೆಟರು ಕೊಳ್ಳಲು ಹೋದಾಗ ಆ ಟಿಬೆಟನ್ ಮುದುಕಿ, “ಏನು ಬೇಕು ನಿನಗೆ, ತಗೋ” ಎನ್ನುತ್ತಾಳೆ. ಈಕೆಗೆ ಸಿಟ್ಟು. ಏಕವಚನದಲ್ಲಿ ಮಾತಾಡಿಸುತ್ತಾಳಲ್ಲ, ಎಷ್ಟು ಸೊಕ್ಕು!

ಸೋಜಿಗವೆಂದರೆ, ಟಿಬೆಟನ್ ಭಾಷೆಯಲ್ಲಿ ಗೌರವದ ಮಾತಿಗೆ ಬೇರೆಯದೇ ಒಂದು ಶಬ್ದಭಂಡಾರವಿದೆ. ಹಿರಿಯರ ‘ಕೈ’ಗೆ ಒಂದು ಪದ, ನನ್ನ ಕೈಗೆ ಇನ್ನೊಂದು, ಅವರು ‘ಬರುವುದ’ಕ್ಕೆ ಒಂದು, ನಾನು ಬರುವುದಕ್ಕೆ ಮತ್ತೊಂದು. ಅಷ್ಟು ನಯದ ಭಾಷೆಯ ಒಡತಿಯನ್ನು ನಾವು ಅರವತ್ತು ವರ್ಷ ನಮ್ಮ ಮುಂದೆ ಒರಟಿಯಾಗಿ ನಿಲ್ಲಿಸಿದ್ದೇವೆ. ಒಂದು ಬಹುವಚನ ಹೇಳಿಕೊಡುವ ಪುರಸತ್ತು ಯಾರಿಗೂ ಆಗಲಿಲ್ಲ.

ಮಕ್ಕಳ ವಿಚಾರಕ್ಕೆ ಬಂದರೆ, ಟಿಬೆಟನ್ ಶಾಲೆಗಳಿಗೆಂದು ಕೇಂದ್ರ ಸರಕಾರ ೧೯೬೧ರಲ್ಲಿ ಪ್ರತ್ಯೇಕ ಆಡಳಿತವನ್ನು ಸ್ಥಾಪಿಸಿತು. ಪಠ್ಯ ದೆಹಲಿಯ ಮಂಡಳಿಯದು. ಹಿಂದಿಗೆ ಹಾಕಿದ ಮಣೆಯನ್ನು ಅಲ್ಲಿ ಕನ್ನಡಕ್ಕೆ ಹಾಕಲಿಲ್ಲ. ಪಿರಿಯಾಪಟ್ಟಣದ ಮಣ್ಣಿನಲ್ಲಿ ಹುಟ್ಟಿದ ಹುಡುಗಿಗೆ ಹಿಂದಿ ಬಂದು ಕನ್ನಡ ಬಾರದಿದ್ದರೆ ತಪ್ಪು ಹುಡುಗಿಯದೆ? ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂಬ ಕಾಯಿದೆಯನ್ನು ನಮ್ಮ ರಾಜ್ಯ ಮಾಡಿದ್ದೇ ೨೦೧೫ರಲ್ಲಿ. ಅದೂ ಮಕ್ಕಳಿಗೆ. ಅವರ ತಾಯಂದಿರಿಗೆ? ನಾನು ಅಲ್ಲಿದ್ದ ಹನ್ನೊಂದು ವರ್ಷದಲ್ಲಿ ಆ ಹೆಂಗಸರಿಗಾಗಿ ನಡೆದ ಒಂದು ಕನ್ನಡ ತರಗತಿಯನ್ನೂ ಕಾಣಲಿಲ್ಲ. ಅಲ್ಲಿಂದ ಎಂಬತ್ತು ಕಿಲೋಮೀಟರು ದೂರದ ಮಾನಸಗಂಗೋತ್ರಿಯಲ್ಲಿ ೧೯೬೯ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ. ಉತ್ತರದ ರಾಜ್ಯಗಳಿಂದ ಬಂದ ಉಪಾಧ್ಯಾಯರಿಗೆ ಕನ್ನಡ ಕಲಿಸಿ ಕಳಿಸುವುದು ಮೈಸೂರಿಗೆ ಹೊಸ ವಿದ್ಯೆಯಲ್ಲ. ಪರಭಾಷೆಯವರಿಗೆ ಕನ್ನಡ ಕಲಿಸುವುದು ಹೇಗೆಂದು ಬಲ್ಲ ಊರೊಂದಿದ್ದರೆ ಅದು ನಮ್ಮದೇ.

ಇಲ್ಲಿ ನನ್ನ ತಂಗಿಯ ಮಗಳ ಮಾತು ಮತ್ತೆ ಬರುತ್ತದೆ. ಜರ್ಮನಿಯಲ್ಲಿ ೨೦೦೫ರಿಂದ ಒಂದು ಏರ್ಪಾಡಿದೆ. ಹೊರಗಿನಿಂದ ಬಂದು ನೆಲೆಸುವವರಿಗೆ ಸರಕಾರವೇ ಭಾಷಾಶಿಕ್ಷಣ ಏರ್ಪಡಿಸುತ್ತದೆ. ಸಾಮಾನ್ಯವಾಗಿ ೬೦೦ ಪಾಠಾವಧಿಗಳು. ಇದು ಬರಿಯ ದಯೆಯೆಂದು ಯಾರೂ ತಿಳಿಯಬಾರದು, ಎಷ್ಟೋ ಮಂದಿಗೆ ಅದು ಷರತ್ತು. ಅವಳೂ ಗೊಣಗುತ್ತಲೇ ಹೋದವಳು. ಆದರೆ ಅವಳಿಗೆ ಮೊದಲ ಗೆಳತಿಯರು ಸಿಕ್ಕಿದ್ದು ಆ ತರಗತಿಯಲ್ಲಿ: ಒಬ್ಬಳು ಸಿರಿಯದವಳು, ಇನ್ನೊಬ್ಬಳು ಬ್ರೆಜಿಲಿನವಳು. ಮಗುವಿಗೆ ಜ್ವರ ಬಂದ ರಾತ್ರಿ ಅವಳು ಫೋನು ಮಾಡಿದ್ದು ನಮಗಲ್ಲ, ಅವರಿಗೆ. ಅತ್ತ ಆರುನೂರು ಅವಧಿ. ಇತ್ತ ಅರವತ್ತು ವರ್ಷದಲ್ಲಿ ಆರು ಅವಧಿಯೂ ಇಲ್ಲದೆ, ಕಲಿತಿಲ್ಲವೆಂದು ಚಪ್ಪಾಳೆ.

ಭಾಷೆ ಬಾರದಿರುವುದೆಂದರೆ ಸಭೆಯಲ್ಲಿ ಭಾಷಣ ಮಾಡಲು ಬಾರದಿರುವುದಲ್ಲ. ಕ್ಯಾಂಪಿನ ಒಬ್ಬ ಹಿರಿಯಾಕೆಯನ್ನು—ಅಲ್ಲಿ ತಾಯಿಯ ವಯಸ್ಸಿನವರನ್ನೆಲ್ಲ ಅಮಲಾ ಎನ್ನುತ್ತಾರೆ—ಒಮ್ಮೆ ನಾನು ಆಸ್ಪತ್ರೆಗೆ ಕರೆದೊಯ್ದಿದ್ದೆ. ಯಾವ ಆಸ್ಪತ್ರೆಯೆಂಬುದು ಬೇಡ. ಆಕೆಗೆ ಚೀಲ, ಗೊಬ್ಬರ, ಕೂಲಿ, ಮಣ, ಬಾಕಿ ಎಲ್ಲ ಕನ್ನಡದಲ್ಲಿ ಗೊತ್ತು. ಕುಶಾಲನಗರದ ದಲ್ಲಾಳಿಯನ್ನು ಸೋಲಿಸುವಷ್ಟು ಗೊತ್ತು. ಆದರೆ ಉರಿ, ಸೆಳೆತ, ಚುಚ್ಚು, ಜುಮ್ಮು, ಭಾರ—ನೋವಿಗಿರುವ ನಮ್ಮ ನೂರು ಹೆಸರುಗಳಲ್ಲಿ ಆಕೆಗೆ ಬರುತ್ತಿದ್ದುದು ‘ನೋವು’ ಒಂದೇ. ಡಾಕ್ಟರು “ಎಂಥ ನೋವು?” ಎಂದು ಕೇಳಿದರು. “ದೊಡ್ಡ ನೋವು” ಎಂದಳು. ಅವರು ನಕ್ಕರು, ಹಿಂದೆ ಸಾಲಿನಲ್ಲಿದ್ದವರೂ ನಕ್ಕರು. ಗಾಬರಿಯಾಗಿ ಆಕೆಯೂ ನಕ್ಕಳು. ಆ ನಗುವನ್ನು ನೋಡಿ, ಇದೇನು ಹೆಚ್ಚಿನ ಕಾಯಿಲೆಯಲ್ಲವೆಂದು ಅವರು ಎರಡು ಗುಳಿಗೆ ಬರೆದುಕೊಟ್ಟರು.

ಇಂಥವರಿಗೆ ಯಾರೂ ಆಸರೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಅವರಿಗೆ ಅವರೇ ಆಸರೆ. ಲಾಸಾದ ಆ ಮಾರ್ಚಿ ದಿನದಿಂದ ತನ್ನ ಹುಟ್ಟನ್ನು ಎಣಿಸುವ ಟಿಬೆಟನ್ ಮಹಿಳಾ ಸಂಘವನ್ನು ೧೯೮೪ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಕಟ್ಟಿದರು; ವಸತಿಗಳಲ್ಲಿ ಅದರ ಶಾಖೆಗಳಿವೆ. ಹೆರಿಗೆಯಾದವಳಿಗೆ ಗಂಜಿ, ಸತ್ತವರ ಮನೆಗೆ ಹಿಟ್ಟು ಬೆಣ್ಣೆ, ಚಳಿಗಾಲದಲ್ಲಿ ಸ್ವೆಟರು ಮಾರಲು ಹೋಗುವವಳ ಮಗುವನ್ನು ನೋಡಿಕೊಳ್ಳುವ ಮನೆ—ಇದೆಲ್ಲ ಅವರವರೇ ಹೊಂದಿಸಿಕೊಳ್ಳುವುದನ್ನು ನೋಡಿದ್ದೇನೆ. ಲೂಧಿಯಾನದಿಂದ ಸ್ವೆಟರು ಸಾಲಕ್ಕೆ ತಂದು ಮೂರು ತಿಂಗಳು ಪರಊರಿನ ಫುಟ್‌ಪಾತಿನಲ್ಲಿ ಕುಳಿತು ಮಾರಿ, ಸಾಲ ತೀರಿಸಿ, ಉಳಿದದ್ದರಲ್ಲಿ ಮಗಳನ್ನು ನರ್ಸಿಂಗ್ ಓದಿಸುವ ತಾಯಂದಿರಿಗೆ ನಾವು ಧೈರ್ಯದ ಪಾಠ ಹೇಳಬೇಕಾಗಿಲ್ಲ. ಅವರು ತಾವೇ ಮಾಡಿಕೊಳ್ಳಲಾರದ್ದು ಎರಡೇ: ನಮ್ಮ ಭಾಷೆ, ನಮ್ಮ ಕಾಗದಪತ್ರ.

ಕಾಗದದ ಕಥೆ ಭಾಷೆಯದಕ್ಕಿಂತ ವಿಚಿತ್ರ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರೊಳಗೆ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು; ಕಾಯಿದೆಯ ಮಾತು ಸ್ಪಷ್ಟವಾಗಿದೆ. ಆದರೂ ಕ್ಯಾಂಪಿನಲ್ಲಿ ಹುಟ್ಟಿದವರು ವಿದೇಶೀಯರೆಂದು ನೋಂದಣಿಯಾಗಿ, ಅವಧಿ ಮುಗಿದಾಗಲೆಲ್ಲ ಪೋಲೀಸು ಕಚೇರಿಯಲ್ಲಿ ಆ ಪತ್ರವನ್ನು ನವೀಕರಿಸಿಕೊಳ್ಳುತ್ತ ಬಂದರು. ಇದನ್ನು ಪ್ರಶ್ನಿಸಿ ೨೦೧೦ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಗೆದ್ದವಳು ನಮ್‌ಗ್ಯಾಲ್ ಡೋಲ್ಕರ್ ಎಂಬ ತರುಣಿ. ೨೦೧೩ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದೇ ನ್ಯಾಯವನ್ನು ಎತ್ತಿಹಿಡಿಯಿತು. ಸರಿ, ಪಾಸ್‌ಪೋರ್ಟು ಕೊಡಿ ಎಂದು ಹೋದರೆ, ೨೦೧೭ರಲ್ಲಿ ವಿದೇಶಾಂಗ ಇಲಾಖೆ ಹಾಕಿದ ಷರತ್ತುಗಳಲ್ಲಿ ಒಂದು, ಅರ್ಜಿದಾರರು ಟಿಬೆಟನ್ ವಸತಿಯಲ್ಲಿ ವಾಸವಾಗಿರಬಾರದು ಎಂಬುದು! ಅಂದರೆ ಪೌರತ್ವ ಬೇಕಾದ ಮಗಳು ತಾಯಿಯ ಮನೆ ಬಿಡಬೇಕು. ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ಮಲಗುವವಳು ವಿದೇಶೀಯಳು. ಕುಶಾಲನಗರದಲ್ಲಿ ಬಾಡಿಗೆ ಕೋಣೆ ಹಿಡಿದರೆ ಸ್ವದೇಶೀಯಳು.

ಇನ್ನು ಎರಡು ಜನಾಂಗ ಕೂಡಿದ ಮನೆಗಳು. ಸಂಖ್ಯೆಯಲ್ಲಿ ಕಡಿಮೆಯಾದರೂ ಉಂಟು. ಕ್ಯಾಂಪಿನ ಹಿರಿಯರು ಇಂಥ ಮದುವೆಗಳನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಸಣ್ಣ ಜನ, ಕರಗಿಹೋದೇವೆಂಬ ಹೆದರಿಕೆ. ಅದನ್ನು ಸಂಕುಚಿತವೆಂದು ಹೀಗಳೆಯುವ ಹಕ್ಕು, ಜಾತಕದ ಜೊತೆಗೆ ಒಳಪಂಗಡವನ್ನೂ ಪತ್ರಿಕೆಯಲ್ಲಿ ಅಚ್ಚುಹಾಕಿಸುವ ನಮಗಿಲ್ಲ. ಆದರೂ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದರೆಂಬುದನ್ನು ಹೇಳಲೇಬೇಕು. ದೇಶಭ್ರಷ್ಟ ಟಿಬೆಟನ್ನರು ೧೯೯೧ರಲ್ಲಿ ತಮಗೆ ತಾವೇ ಬರೆದುಕೊಂಡ ಶಾಸನದಲ್ಲಿ, ತಾಯಿ ತಂದೆಯರಲ್ಲಿ ಯಾರೊಬ್ಬರು ಟಿಬೆಟನ್ನರಾದರೂ ಮಗುವಿಗೆ ಹಕ್ಕುಂಟು ಎಂದರು. ಭಾರತದ ಕಾಯಿದೆಯಲ್ಲಿ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಪೌರತ್ವ ಸಿಕ್ಕಿದ್ದು ೧೯೯೨ರ ಡಿಸೆಂಬರಿನಲ್ಲಿ. ಅಲ್ಲಿಯ ತನಕ ಪರದೇಶದವನನ್ನು ಮದುವೆಯಾಗಿ ಪರದೇಶದಲ್ಲಿ ಹೆತ್ತ ಕನ್ನಡತಿಯ ಮಗು, ನಮ್ಮ ಕಣ್ಣಿನಲ್ಲಿ ಗಂಡನ ದೇಶದ್ದೇ. ಆಗ ಯಾವ ಊರಿನ ಯಾವ ಸಮಾಜ ಠರಾವು ಮಾಡಿತೋ, ನನ್ನ ಕಿವಿಗೆ ಬೀಳಲಿಲ್ಲ.

ಈಗ ಕ್ಯಾಂಪು ಬರಿದಾಗುತ್ತಿದೆ. ಸ್ವಿಟ್ಜರ್ಲೆಂಡ್ ೧೯೬೩ರಲ್ಲಿಯೇ ಸಾವಿರ ಮಂದಿಗೆ ಬಾಗಿಲು ತೆರೆದಿತ್ತು. ೧೯೯೦ರಲ್ಲಿ ಅಮೆರಿಕ ಸಾವಿರ ವೀಸಾ ಕೊಡುವ ಕಾಯಿದೆ ಮಾಡಿತು. ಆಯ್ಕೆಯಾದವರು ಮೊದಲು ಒಂಟಿಯಾಗಿ ಹೋದರು, ಮನೆಯವರು ವರ್ಷಗಟ್ಟಲೆ ಕಾದು ಹಿಂದಿನಿಂದ ಹೋದರು. ಇವತ್ತು ಟೊರಾಂಟೊ ನಗರದ ಪಾರ್ಕ್‌ಡೇಲ್ ಕಡೆ ಮೊಮೊ ಅಂಗಡಿಗಳ ಬೀದಿಯೇ ಇದೆ. ಬೈಲಕುಪ್ಪೆಯ ಅಮಲಾಗಳ ಮೊಮ್ಮಕ್ಕಳು ಅಲ್ಲಿ ಇಂಗ್ಲಿಷಿನಲ್ಲಿ ಕನಸು ಕಾಣುತ್ತಾರೆ. ಅಂದಮೇಲೆ ಈ ಹೆಂಗಸು ಎರಡು ಬಾರಿ ಪರದೇಶಿ: ಒಮ್ಮೆ ತಾನೇ ಇಲ್ಲಿಗೆ ಬಂದು, ಮತ್ತೊಮ್ಮೆ ಮಗಳನ್ನು ಅಲ್ಲಿಗೆ ಕಳಿಸಿ. ಸಂಜೆಯ ಹೊತ್ತು ಫೋನಿನ ಗಾಜಿನಲ್ಲಿ ಮೊಮ್ಮಗಳ ಮುಖ ನೋಡುತ್ತ, ಏನು ಹೇಳಿದಳೆಂದು ತಿಳಿಯದೆ ತಲೆಯಾಡಿಸುವ ಆ ಮುದುಕಿಯನ್ನು ಕುವೆಂಪುನಗರದ ಯಾವ ಅಜ್ಜಿ ಗುರುತು ಹಿಡಿಯಲಾರಳು? ಇಬ್ಬರ ಮಂಡಿನೋವೂ ಒಂದೇ, ಇಬ್ಬರ ಕಾಯುವಿಕೆಯೂ ಒಂದೇ. ವ್ಯತ್ಯಾಸವೊಂದಿದೆ. ಕುವೆಂಪುನಗರದ ಮಗಳು ಅಮೆರಿಕದ ಪೌರಳಾಗಿ ಬಂದರೂ ನೆಟ್ಟಗೆ ತಾಯಿಯ ಮನೆಗೆ ಬಂದು ಮಲಗುತ್ತಾಳೆ. ಕೆನಡದ ಪೌರಳಾದ ಬೈಲಕುಪ್ಪೆಯ ಮಗಳು ತಾನು ಹುಟ್ಟಿದ ಮನೆಯಲ್ಲಿ ರಾತ್ರಿ ತಂಗಬೇಕಾದರೆ ದೆಹಲಿಯ ಗೃಹ ಇಲಾಖೆಯಿಂದ ರಕ್ಷಿತ ಪ್ರದೇಶದ ಪರವಾನಿಗೆ ತರಬೇಕು. ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ತಾಯಿಯ ಕಾಯಿಲೆ ತಿಂಗಳುಗಳ ಮೊದಲೇ ಹೇಳಿ ಬರುತ್ತದೆಯೆ?

ಪರದೇಶದ ಹೆಣ್ಣೆಂದರೆ ನಮಗೆ ನೆನಪಾಗುವವರು ಒಂದೇ ಬಗೆಯವರು ಎಂಬುದಕ್ಕೆ ಇನ್ನೊಂದು ಸಾಕ್ಷಿ ಹುಣಸೂರಿನಲ್ಲಿಯೇ ಇದೆ. ಅಲ್ಲಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಮನೆಯಲ್ಲಿ ವಾಗ್ರಿ ಆಡುತ್ತಾರೆ, ಬೀದಿಯಲ್ಲಿ ಕನ್ನಡ. ಗಿಡಮೂಲಿಕೆಯ ಎಣ್ಣೆ ಹೊತ್ತು ಆಫ್ರಿಕದ ದೇಶಗಳ ತನಕ ಗಂಡಹೆಂಡಿರು ಕೂಡಿಯೇ ವ್ಯಾಪಾರಕ್ಕೆ ಹೋಗುತ್ತಾರೆ. ೨೦೨೩ರ ಏಪ್ರಿಲ್ ೧೫ರಂದು ಸುಡಾನಿನಲ್ಲಿ ಯುದ್ಧ ಸಿಡಿದಾಗ ಅವರು ಅಲ್ಲಿ ಸಿಕ್ಕಿಬಿದ್ದರು. ಮೂವತ್ತೊಂದು ಮಂದಿಯೆಂದು ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರು ಟ್ವಿಟರಿನಲ್ಲಿ ಬರೆದರು. ರಾಜಕೀಯ ಬೇಡವೆಂದು ವಿದೇಶಾಂಗ ಸಚಿವ ಜೈಶಂಕರ್ ಸಿಟ್ಟಾದರು. ಮುಂದಿನ ತಿಂಗಳು ಚುನಾವಣೆಯಿತ್ತು. ಕೊನೆಗೆ ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಕರೆತಂದರು, ಸಂತೋಷ. ಆದರೆ ನೀರಿಲ್ಲದ ಕೋಣೆಯಲ್ಲಿ ಗುಂಡಿನ ಸದ್ದು ಕೇಳುತ್ತ ಕುಳಿತ ಆ ಹೆಣ್ಣುಮಗಳು ಫೋನು ಮಾಡಬಹುದಾಗಿದ್ದ ಕನ್ನಡ ಕೂಟ ಯಾವುದು? ಅಮೆರಿಕದ ‘ಅಕ್ಕ’ ಸಮ್ಮೇಳನಕ್ಕೆ ಹಾರಿಹೋಗುವ ನಮ್ಮ ಮಂತ್ರಿಗಳೂ ಸಾಹಿತಿಗಳೂ ಹೊರನಾಡ ಕನ್ನಡತಿಯರ ಪಟ್ಟಿಯಲ್ಲಿ ಆಕೆಯನ್ನು ಎಂದಾದರೂ ಸೇರಿಸಿದ್ದಾರೆಯೆ?

ನನ್ನ ಮಾತಿಗೆ ಒಂದು ಬಲವಾದ ಆಕ್ಷೇಪಣೆಯಿದೆ; ಅದು ಕೃಷ್ಣರಾಜನಗರದ ಸಭೆಯಲ್ಲಿ ಬರಲಿಲ್ಲ, ಹೆಗ್ಗಡ­ದೇವನಕೋಟೆಯ ಬಸ್ಸಿನಲ್ಲಿ ಬಂತು. “ಮೇಡಂ, ಹೊರಗಿನವರಿಗೆ ಮೂರು ಸಾವಿರ ಎಕರೆ ಕೊಟ್ಟಿರಿ, ಕಬಿನಿ ಅಣೆಕಟ್ಟಿಗೆ ಊರು ಬಿಟ್ಟ ನಮಗೆ, ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರಿಗೆ ಏನು ಕೊಟ್ಟಿರಿ?” ಎಂದರು ಪಕ್ಕದಲ್ಲಿ ಕುಳಿತಿದ್ದವರು. ಈ ಸಿಟ್ಟು ನ್ಯಾಯವಾದದ್ದು. ಕಾಡಿನ ಮಕ್ಕಳಿಗೆ ನಾವು ಮಾಡಿದ ಅನ್ಯಾಯವನ್ನು ಯಾವ ಸ್ವರ್ಣಮಂದಿರವೂ ಮುಚ್ಚಲಾರದು. ಆದರೆ ಆ ಬಾಕಿಯನ್ನು ಬೈಲಕುಪ್ಪೆಯ ಮುದುಕಿಯ ಖಾತೆಗೆ ಬರೆಯುವುದು ಯಾವ ಲೆಕ್ಕ? ಜೇನುಕುರುಬರ ತಾಯಿಯೂ ಆಸ್ಪತ್ರೆಯಲ್ಲಿ ನಗೆಪಾಟಲಾಗುತ್ತಾಳೆ, ಅವಳ ಮಾತೂ ಡಾಕ್ಟರಿಗೆ ಪೂರ್ತಿ ತಿಳಿಯುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಭಾಷೆ ದಾಟಿಸುವ ಒಬ್ಬಳು ದುಭಾಷಿಯನ್ನು ಕೂರಿಸಿದರೆ ಇಬ್ಬರಿಗೂ ಉಪಕಾರ. ಒಬ್ಬಳ ಪಾಲನ್ನು ಕಿತ್ತು ಇನ್ನೊಬ್ಬಳಿಗೆ ಕೊಡುವ ಪ್ರಶ್ನೆಯೇ ಇದರಲ್ಲಿಲ್ಲ.

ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಬಳಿ ದೊಡ್ಡ ಯೋಜನೆಯಿಲ್ಲ. ಪರವಾನಿಗೆಯ ಕಾಯಿದೆಯನ್ನು ಬದಲಿಸುವುದು ದೆಹಲಿಯ ಕೆಲಸ. ಆದರೆ ಮೈಸೂರಿನ ಲೋಕಸಭಾ ಸದಸ್ಯರಿಗೆ ಒಂದು ಕಾಗದ ಬರೆಯುವುದು ನಮ್ಮ ಕೆಲಸ. ಗುರುಪುರದಲ್ಲಿಯೂ ಬೈಲಕುಪ್ಪೆಯಲ್ಲಿಯೂ ವಾರಕ್ಕೆರಡು ಮಧ್ಯಾಹ್ನ ಹೆಂಗಸರಿಗೆ ಕನ್ನಡ ಹೇಳಿಕೊಡಲು ನಾಲ್ಕು ಮಂದಿ ನಿವೃತ್ತ ಉಪಾಧ್ಯಾಯಿನಿಯರು ಸಾಕು. ಮೈಸೂರಿನಲ್ಲಿ ನಾವು ನಾಲ್ಕುನೂರು ಮಂದಿ ಇರಬಹುದು, ಬೇಸರ ಕಳೆಯಲು ಪದಬಂಧ ತುಂಬುತ್ತಿದ್ದೇವೆ. ೨೦೨೩ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜೂ ಇಲ್ಲ. ಶಕ್ತಿ ಯೋಜನೆಯನ್ನು ಧರ್ಮಸ್ಥಳಕ್ಕೆ ಮಾತ್ರ ಬಳಸಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ಅಲ್ಲಿ ಕಲಿಸುವವಳು ತಾನೂ ನಾಲ್ಕು ಟಿಬೆಟನ್ ಮಾತು ಕಲಿತು ಬಂದರೆ ಇನ್ನೂ ಲೇಸು. ನಮ್ಮ ಸ್ತ್ರೀಸಮಾಜಗಳು ಲೋಸರ್ ಹಬ್ಬಕ್ಕೆ ಅವರಿಂದ ಕುಣಿತ ಮಾಡಿಸಿ ಶಾಲು ಹೊದಿಸುವುದನ್ನು ಒಂದು ವರ್ಷ ನಿಲ್ಲಿಸಿ, ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರು ಬರೆದುಕೊಳ್ಳಲಿ.

ನಾನಂತೂ ಹೋಗಲು ಆರಂಭಿಸಿದ್ದೇನೆ. ಶನಿವಾರ ಮಧ್ಯಾಹ್ನ, ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಏಳು ಮಂದಿ ಬರುತ್ತಾರೆ; ಮಳೆ ಬಂದರೆ ಮೂವರು. ಅ ಆ ಇ ಈ ಯಿಂದ ತೊಡಗಬೇಕೆಂದು ಸ್ಲೇಟು ಬಳಪ ಒಯ್ದಿದ್ದೆ. ಅದು ಆಮೇಲೆ ಆಗಲಿ, ಮೊದಲು ನಮಗೆ ಬೇಕಾದ ಮಾತು ಹೇಳಿಕೊಡಿ ಎಂದರು. ಒಬ್ಬಾಕೆಗೆ ‘ಉಸಿರು ಕಟ್ಟುತ್ತದೆ’ ಬೇಕಾಗಿತ್ತು. ಇನ್ನೊಬ್ಬಳು, ಮೊಮ್ಮಗಳು ಕೆನಡದಲ್ಲಿದ್ದಾಳೆ ಎನ್ನುವುದನ್ನು ಬರೆಸಿಕೊಂಡಳು. ಇಬ್ಬರ ಮದುವೆಯಲ್ಲಿಯೂ ಕನ್ನಡದ ಅತ್ತೆಯಿರುವ ಹುಡುಗಿಯೊಬ್ಬಳು ಅತ್ತೆಗೆ ಊಟಕ್ಕೆ ಕರೆಯುವುದು ಹೇಗೆಂದು ಕೇಳಿ, ‘ಊಟಕ್ಕೆ ಏಳಿ’ಯನ್ನು ಹತ್ತು ಸಲ ಹೇಳಿಕೊಂಡಳು. ಹಿಂದೆ ಕುಳಿತಿದ್ದ ಎಲ್ಲರಿಗಿಂತ ಹಿರಿಯಾಕೆ ಕೊನೆಗೆ ಬಾಯಿ ಬಿಟ್ಟಳು: ಕರೆಂಟಿನವನು ಬಿಲ್ಲಿನ ಹಣ ತೆಗೆದುಕೊಂಡು ಹೋಗುವಾಗ ‘ರಸೀತಿ ಕೊಡು’ ಎಂದರೆ ಮುಖ ಗಂಟುಹಾಕುತ್ತಾನೆ, ಅದಕ್ಕೆ ಬಹುವಚನ ಏನು?